‘ಉಷ್ಣ ಆಗೇತಿ ಅಷ್ಟ’

ಹೋದ ಭಾನುವಾರ ಹಾವೇರಿಯಲ್ಲಿ ನಮ್ಮ ನಾದಿನಿಯ ಕುಬಸ (ಸೀಮಂತ) ಇತ್ತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಎದುರಿಗೆ ಹೋಳಿಗೆ ತಾಟು. ಹುಡುಗಿ ಮಾತ್ರ ಮಣೆ ಮೇಲೆ ಒಂದು ಕಡೆ ಕೂರಲಾರದೆ ಚಡಪಡಿಸುತ್ತಿದ್ದಳು. ಸೊಂಟ ನೋವು ಅಂತ ಎಲ್ಲರೂ ದಿಂಬು ಕೊಟ್ಟರು. ನನಗೆ ನೋಡಿದ ಕೂಡಲೇ ತಿಳೀತು. ಆರು ವರ್ಷದ ಹಿಂದೆ ನನ್ನ ಕುಬಸದಲ್ಲಿ ನಾನೂ ಹಾಗೇ ಕೂತಿದ್ದೆ. ಆರತಿ ಮುಗಿದ ಮೇಲೆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೇಳಿದೆ.

"ಏನಿಲ್ಲ ವೈನಿ, ಸ್ವಲ್ಪ ಉಷ್ಣ ಆಗೇತಿ ಅಷ್ಟ."

ಈ ‘ಉಷ್ಣ’ದ ಮೇಲೆ ನನಗೆ ಹಳೇ ಸಿಟ್ಟು. ನಮ್ಮ ಕಡೆ ಬಸುರಿಗೆ ತುರಿಕೆ ಆದರೂ ಉಷ್ಣ, ಉರಿಮೂತ್ರ ಆದರೂ ಉಷ್ಣ, ಬಿಳಿ ಹೋದರೂ ಉಷ್ಣ. ಎಲ್ಲಕ್ಕೂ ಮದ್ದು ಒಂದೇ, ಮಜ್ಜಿಗೆ ಮತ್ತು ಜೀರಿಗೆ ನೀರು.

ನನಗೆ ಏಳನೇ ತಿಂಗಳಲ್ಲಿ ಬಿಳಿ ಹೋಗುವುದು ಜಾಸ್ತಿ ಆಯ್ತು. ತೆಳ್ಳಗೆ, ಬೂದು ಬಣ್ಣ, ಮೀನಿನಂಥ ವಾಸನೆ. ಈ ಸಾಲು ಬರೆಯಲು ನನಗೆ ಆರು ವರ್ಷ ಬೇಕಾಯ್ತು ನೋಡಿ. ಅವ್ವನಿಗೆ ಹೇಳಿದರೆ ಮಜ್ಜಿಗೆ ಬಂತು. ನಾಚಿಕೆಗೆ ಗಾಯ ತೊಳೆಯುವ ಆಂಟಿಸೆಪ್ಟಿಕ್ ನೀರಿಗೆ ಹಾಕಿ ದಿನಕ್ಕೆರಡು ಸಲ ತೊಳೆದುಕೊಂಡೆ. ಔಷಧ ಅಂಗಡಿಯಲ್ಲಿ ಪಿಸುಮಾತಲ್ಲಿ "ತುರಿಕೆಗೆ ಏನಾದ್ರೂ ಕೊಡ್ರಿ" ಅಂದೆ. ಫಂಗಸ್ಸಿನ ಟ್ಯೂಬ್ ಕೊಟ್ಟ. ಅವನ ತಪ್ಪೇನಿಲ್ಲ, ನಾನು ಹೇಳಿದ್ದೇ ಅಷ್ಟು.

ಆ ತಿಂಗಳು ಹುಬ್ಬಳ್ಳಿಯಲ್ಲಿ ತಪಾಸಣೆಗೂ ಹೋಗಿದ್ದೆ. ಒಂದು ಮೇಜು, ಅದರ ಸುತ್ತ ನಾಲ್ಕು ಜನ ಬಸುರಿಯರು, ನನ್ನ ಪಕ್ಕ ಅತ್ತೆ. ಪರದೆ ಇತ್ತು, ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಡಾಕ್ಟರ್ ತಾಯಿ ಕಾರ್ಡಿನಿಂದ ತಲೆ ಎತ್ತದೆ "ಏನಾರ ತ್ರಾಸ ಐತೇನವಾ?" ಅಂದರು. "ಇಲ್ರಿ" ಅಂದೆ. ಆ ಜಾಗದಲ್ಲಿ ಇನ್ನೇನು ಅನ್ನಬಹುದಿತ್ತು ಹೇಳಿ?

33ನೇ ವಾರದಲ್ಲಿ ಒಂದು ಬೆಳಿಗ್ಗೆ ಒಳಬಟ್ಟೆ ಒದ್ದೆ. ಇದೂ ಅದೇ ಬಿಳಿ ಅಂದುಕೊಂಡು ಪ್ಯಾಡ್ ಹಾಕಿ ರೊಟ್ಟಿ ಬಡಿದೆ. ಮಾರನೇ ದಿನ ಪ್ಯಾಡ್ ಪೂರ್ತಿ ತೊಯ್ದಿತ್ತು. ಅದು ಮಗುವಿನ ಸುತ್ತ ಇರುವ ನೀರು. ಚೀಲ ಆಗಲೇ ಒಡೆದಿತ್ತು. ಮಗುವಿನ ಶ್ವಾಸಕೋಶ ಗಟ್ಟಿಯಾಗಲು 12 ತಾಸಿಗೊಂದರಂತೆ 4 ಸ್ಟೆರಾಯ್ಡ್ ಇಂಜೆಕ್ಷನ್ ಹಾಕಬೇಕಿತ್ತು. ನಾಲ್ಕನೆಯದು ಹಾಕುವ ಮೊದಲೇ ಮಗ ಹೊರಗೆ ಬಂದ. 1 ಕಿಲೋ 800 ಗ್ರಾಂ.

ಆ ಬಿಳಿ ಹೋಗುವ ಸೋಂಕಿನಿಂದಲೇ ಹೀಗಾಯ್ತು ಅಂತ ನಾನು ಹೇಳುತ್ತಿಲ್ಲ. "ಒಬ್ಬರ ವಿಷಯದಲ್ಲಿ ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸೋಕಾಗಲ್ಲ" ಅಂದಿದ್ದರು ಮಕ್ಕಳ ಡಾಕ್ಟರ್. ಆಮೇಲೆ ಓದಿ ತಿಳಿದುಕೊಂಡೆ. ಯೋನಿಯಲ್ಲಿ ಸಹಜವಾಗಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಇರುತ್ತವೆ. ಮೊಸರು ಹೆಪ್ಪಾಗಿಸುವ ಬಳಗದವೇ. ಅವು ಹುಳಿ ಉಂಟುಮಾಡಿ ಬೇರೆಯವನ್ನು ದೂರ ಇಡುತ್ತವೆ. ಅವು ಕಡಿಮೆಯಾಗಿ ಗಾರ್ಡ್‌ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ಹೆಚ್ಚಾದರೆ ಅದೇ ಬ್ಯಾಕ್ಟೀರಿಯಲ್ ವಜೈನೋಸಿಸ್. ನಾನು ಆಂಟಿಸೆಪ್ಟಿಕ್ ಹಾಕಿ ತೊಳೆದದ್ದು ಒಳ್ಳೆಯವನ್ನೇ. (ಹಾಗಂತ ಮೊಸರು ಹಚ್ಚಿಕೊಳ್ಳಬೇಡಿ. ಅದನ್ನೂ ಒಬ್ಬರು ಹೇಳಿದ್ದರು.) ಸೋಂಕು ಮೇಲಕ್ಕೆ ಹತ್ತಿದರೆ ಗರ್ಭಕೋಶದ ಬಾಯಿ, ನೀರಿನ ಚೀಲದ ಹತ್ತಿರ ಉರಿಯೂತ ಆಗುತ್ತದೆ. ಆಗ ಪ್ರೋಸ್ಟಗ್ಲ್ಯಾಂಡಿನ್ ಅನ್ನೋ ರಾಸಾಯನಿಕ ಮೈಯಲ್ಲಿ ಹೆಚ್ಚುತ್ತದೆ. ಹೆರಿಗೆ ನೋವು ಬರಿಸುವುದು ಅದೇ. ಚೀಲವೂ ತೆಳುವಾಗುತ್ತದೆ. ಈ ವಜೈನೋಸಿಸ್ ಇದ್ದವರಲ್ಲಿ 37 ವಾರಕ್ಕೆ ಮುಂಚೆ ಹೆರಿಗೆ ಆಗುವುದು ಜಾಸ್ತಿ. ಆದರೆ ಹೆಚ್ಚಿನವರಿಗೆ ದಿನ ತುಂಬಿಯೇ ಆಗುತ್ತದೆ, ಹೆದರಬೇಡಿ.

ಹಾಗಾದರೆ ಎಲ್ಲ ಬಸುರಿಯರಿಗೂ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟುಬಿಡಲಿ ಅಂತ ನಾನೂ ಅಂದುಕೊಂಡಿದ್ದೆ. ಅದು ಅಷ್ಟು ಸುಲಭ ಇಲ್ಲ. ಏನೂ ತೊಂದರೆ ಇಲ್ಲದವರಿಗೆ, ಮೊದಲು ದಿನ ತುಂಬದ ಹೆರಿಗೆ ಆಗದವರಿಗೆ ಹಾಗೆ ಹುಡುಕಿ ಔಷಧ ಕೊಟ್ಟರೂ ಅವಧಿಗೆ ಮುಂಚಿನ ಹೆರಿಗೆ ಕಡಿಮೆ ಆಗಿಲ್ಲ. ಮೂತ್ರದ ಸೋಂಕು ಹಾಗಲ್ಲ. ಉರಿ ಇಲ್ಲದಿದ್ದರೂ ಬಸುರಿಯಲ್ಲಿ ಅದನ್ನು ಪರೀಕ್ಷೆ ಮಾಡಿ ಗುಣ ಮಾಡಬೇಕು, ಬಿಟ್ಟರೆ ಕಿಡ್ನಿಗೆ ಏರಬಹುದು. ಅದಕ್ಕೇ ಮೂತ್ರದ ಡಬ್ಬಿ ಕೊಟ್ಟಾಗ ಮುಖ ಸಿಂಡರಿಸಬೇಡಿ.

ಬಸುರಿಯಲ್ಲಿ ಬಿಳಿ ಹೋಗುವುದು ಸ್ವಲ್ಪ ಹೆಚ್ಚುವುದು ಸಹಜ. ನೋಡಬೇಕಾದದ್ದು ಬಣ್ಣ, ವಾಸನೆ, ತುರಿಕೆ. ಒಡೆದ ಮೊಸರಿನ ಥರ ಇದ್ದು ವಿಪರೀತ ತುರಿಸಿದರೆ ಹೆಚ್ಚಾಗಿ ಫಂಗಸ್. ಹಸಿರು-ಹಳದಿ, ನೊರೆ ನೊರೆ ಇದ್ದರೆ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿಯ ಸೋಂಕು ಇರಬಹುದು. ಅದು ಗಂಡನಿಂದಲೂ ಬರುತ್ತೆ, ಅವನೂ ಮಾತ್ರೆ ನುಂಗಬೇಕು. ಈ ಮಾತು ಬಂದಾಗ ನಮ್ಮ ಗಂಡಸರು ಸುಮ್ನೆ ಫೋನ್ ನೋಡುತ್ತಾ ಕೂರುತ್ತಾರೆ, ಅಲ್ವಾ? ಫಂಗಸ್ಸಿನ ಔಷಧ ವಜೈನೋಸಿಸ್‌ಗೂ ಟ್ರೈಕೊಮೊನಾಸ್‌ಗೂ ಆಗಲ್ಲ. ಪಕ್ಕದ ಮನೆಯವಳ ಚೀಟಿ ನಡೆಯಲ್ಲ.

ಮಗ ಹುಟ್ಟಿದ ಮೇಲೆ ಶುರುವಾಯ್ತು ನೋಡಿ ವಿಚಾರಣೆ. ನಳದ ನೀರು ಬಂದ ದಿನ ಕೊಡ ಎತ್ತಿದ್ದಳು. ಬೈಕ್ ಮೇಲೆ ಧಾರವಾಡಕ್ಕೆ ಹೋಗಿದ್ದಳು. ಪಪ್ಪಾಯಿ ತಿಂದಳು. ಅದರ ಮೇಲೆ ಒಬ್ಬ ಹಿರಿಯರು ಮಗುವಿನ ಎದುರಿಗೇ "ಏಳರಾಗ ಹುಟ್ಟಿದ್ದು ಉಳೀತೈತಿ, ಎಂಟರಾಗ ಹುಟ್ಟಿದ್ದು ಉಳ್ಯಂಗಿಲ್ಲ" ಅಂದರು. ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗುವಿಗೆ ಒಳ್ಳೆಯದು. ನರ್ಸ್ ಬಾಯಿ ಅವರನ್ನು ಹೊರಗೆ ಕಳಿಸಿದರು. ಮಗನನ್ನು ಬರೀ ಡೈಪರ್ ಟೊಪ್ಪಿಗೆಯಲ್ಲಿ ನನ್ನ ಎದೆಗೆ ಒರಗಿಸಿ, ಅವ್ವನ ಹಳೇ ಇಳಕಲ್ ಸೀರೆಯಿಂದ ಕಟ್ಟಿದರು. ಡೈಪರ್ ಅವನ ಎದೆವರೆಗೂ ಬರುತ್ತಿತ್ತು. ಹದಿನೈದು ದಿನ ಹಾಗೇ ಕೂತೆ.

2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇದೆ. ಒಳ್ಳೇ ಯೋಜನೆ. ಅದರ ಜೊತೆ ಪೂರ್ತಿ ಎಳೆಯಲು ಬರುವ ಒಂದು ಪರದೆ ಹಾಕಿ ಅಂತ ನನ್ನ ತಕರಾರು. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಿ. "ತ್ರಾಸ ಐತೇನು" ಅಂತ ಕೇಳಬೇಡಿ. "ಬಿಳಿ ಹೋಗತೈತೇನು, ಯಾವ ಬಣ್ಣ, ವಾಸನಿ ಐತೇನು" ಅಂತ ಕೇಳಿ. ನಾಚಿಕೆ ನಮಗೆ ಇರಲಿ, ಪ್ರಶ್ನೆಗೆ ಯಾಕೆ?

ನಾದಿನಿಗೆ ನಾನೇ ಆ ಪ್ರಶ್ನೆ ಕೇಳಿದೆ. ಅವಳು ಬಳೆ ಸರಿಸುತ್ತಾ ನೆಲ ನೋಡಿಕೊಂಡೇ ಉತ್ತರ ಹೇಳಿದಳು. ಮಂಗಳವಾರ ಫೋನ್ ಬಂತು.

"ಫಂಗಸ್ ಅಂತ ವೈನಿ. ಏಳು ದಿನ ಒಳಗ ಹಚ್ಚಾಕ ಕೊಟ್ಟಾರ, ನುಂಗೋ ಗುಳಿಗಿ ಈಗ ಬ್ಯಾಡ ಅಂದ್ರು. ನೀವು ಹೇಳಿದಂಗ ‘ಮೊಸರು ಒಡದಂಗ’ ಅಂತ ಹೇಳೇಬಿಟ್ಟೆ."

"ಅತ್ತಿ ಎಲ್ಲಿದ್ರು?"

"ಹೊರಗ ಕುಂದ್ರಿಸಿ ಹೋಗಿದ್ದೆ. ಬಂದ ಮ್ಯಾಲೆ ಮಜ್ಜಿಗಿ ಕೊಡಿಸಿದ್ರು."