ಬಿಸಿಯೂಟದ ದುಡ್ಡು ಯಾರದು?

‘ಶಾಲೆಯ ಬಿಸಿಯೂಟ ಪೂರ್ತಿ ಕೇಂದ್ರದ ದುಡ್ಡು. ರಾಜ್ಯ ಸುಮ್ನೆ ಹೆಸರು ಹಾಕಿಕೊಳ್ಳುತ್ತೆ.’ ಇಂಥದ್ದೊಂದು ಮೆಸೇಜ್ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ಅರ್ಧ ಸತ್ಯ. ‘ಎಲ್ಲಾ ರಾಜ್ಯದ್ದೇ’ ಅನ್ನುವುದೂ ಅಷ್ಟೇ ತಪ್ಪು.

ಒಂದರಿಂದ ಎಂಟನೇ ತರಗತಿವರೆಗೆ ಅಕ್ಕಿ, ಗೋಧಿ ಕೇಂದ್ರದ್ದು. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ. ಬೇಳೆ, ತರಕಾರಿ, ಎಣ್ಣೆಯ ಖರ್ಚನ್ನು ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. 9, 10ನೇ ತರಗತಿ ಮಕ್ಕಳ ಊಟದ ಖರ್ಚು ಕರ್ನಾಟಕದ್ದೇ. ಬೆಳಿಗ್ಗೆ ಮಕ್ಕಳು ಲೋಟ ಹಿಡಿದು ಸಾಲಲ್ಲಿ ನಿಂತು ಕುಡಿಯುತ್ತಾರಲ್ಲ, ಆ ಹಾಲು 2013ರಲ್ಲಿ ರಾಜ್ಯ ಶುರುಮಾಡಿದ ಕ್ಷೀರಭಾಗ್ಯದ್ದು.

ಅಡುಗೆಯವರ ವಿಷಯ ಇಲ್ಲಿ ಹೇಳಲೇಬೇಕು. ಕೇಂದ್ರದ ನಿಯಮದಲ್ಲಿ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. 2009ರಲ್ಲಿ ಹಾಕಿದ ಲೆಕ್ಕ ಅದು! ಅದರ ಮೇಲಿನದ್ದನ್ನು ರಾಜ್ಯ ಸೇರಿಸುತ್ತದೆ. ಹೊಗೆಯಲ್ಲಿ ನಿಂತು ನೂರಾರು ಮಕ್ಕಳಿಗೆ ಸಾಂಬಾರು ಕುದಿಸುವವರಿಗೆ ಸಂಬಳ ಅನ್ನುವ ಹೆಸರೂ ಇಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ.

ಮೇಷ್ಟ್ರ ಸಂಬಳ? ಸರ್ಕಾರಿ ಶಾಲೆಯಲ್ಲಿ ಅದರ ದೊಡ್ಡ ಪಾಲು ರಾಜ್ಯದ ಖಜಾನೆಯದು. ಅನುದಾನಿತ ಶಾಲೆಯನ್ನು ಖಾಸಗಿ ಸಂಸ್ಥೆ ನಡೆಸಿದರೂ, ಅನುದಾನಕ್ಕೆ ಒಳಪಟ್ಟ ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರವೇ.

ಇನ್ನೊಂದು ಮಾತು. ‘ಇದೆಲ್ಲಾ ಇನ್‌ಕಮ್ ಟ್ಯಾಕ್ಸ್ ಕಟ್ಟೋರ ದುಡ್ಡು’ ಅಂತಾರಲ್ವಾ? ಸೋಪು, ಪೆಟ್ರೋಲು ಕೊಳ್ಳುವಾಗ ಕೂಲಿ ಮಾಡುವ ಅಪ್ಪ ಅಮ್ಮನೂ ತೆರಿಗೆ ಕಟ್ಟುತ್ತಾರೆ. ಮಗುವಿನ ತಟ್ಟೆಯಲ್ಲಿ ಅವರ ದುಡ್ಡೂ ಇದೆ.