ಗೊರೂರು ಬಂಡೆಯ ಜನನ ಪ್ರಮಾಣಪತ್ರ

ಗೊರೂರಿನ ಸುತ್ತಮುತ್ತಲ ಬಂಡೆಗಳ ವಯಸ್ಸು ಸುಮಾರು 330 ಕೋಟಿ ವರ್ಷ ಅಂತ ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಸನದ ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಮಾತ್ರ ಅವಕ್ಕೆ ಈಗಷ್ಟೇ ಆರು ಸಾವಿರ ತುಂಬಿದೆ. ಬಂಡೆಗಳು ಇನ್ನೂ ತಕರಾರು ಅರ್ಜಿ ಕೊಟ್ಟಿಲ್ಲ.

ಆ ಮನೆಯ ಹುಡುಗ ಶಾಲೆಗೆ ಹೋಗುವುದಿಲ್ಲ. ಹೋಂಸ್ಟೇಗಳಿಗೆ ಹೆಸರಾದ ನಮ್ಮ ಕಡೆಗೆ ಈಗ ಹೋಂಸ್ಕೂಲೂ ಬಂದಿದೆ. ಪಾಠವೆಲ್ಲ ಅಮೆರಿಕದಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ಅಲ್ಲಿ ಕ್ರೈಸ್ತ ಕುಟುಂಬಗಳು ಮಕ್ಕಳನ್ನು ಮನೆಯಲ್ಲೇ ಓದಿಸುವುದು ದೊಡ್ಡ ಚಳವಳಿ. ಐವತ್ತೂ ರಾಜ್ಯಗಳಲ್ಲಿ ಕಾನೂನು ಇದನ್ನು ಒಪ್ಪಿದೆ. ಮಗುವಿನ ಮೊದಲ ಗುರು ಅಪ್ಪ-ಅಮ್ಮ, ನಂಬಿಕೆ ಕಲಿಸುವುದು ಸರ್ಕಾರದ ಕೆಲಸವಲ್ಲ ಅನ್ನುವುದು ಅವರ ವಾದ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಶುರುವಾಗುವುದು ಪೆಟ್ಟಿಗೆ ಬಿಚ್ಚಿದ ಮೇಲೆ.

ಈ ಪೆಟ್ಟಿಗೆಯ ಇತಿಹಾಸ ಕ್ರಿ.ಪೂ. 4004ರಲ್ಲಿ ಶುರುವಾಗುತ್ತದೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿ ಕಳೆದು, ಜಗತ್ತು ಹುಟ್ಟಿದ್ದು ಆ ವರ್ಷದ ಅಕ್ಟೋಬರ್ 23ರ ಹಿಂದಿನ ಸಂಜೆ ಅಂತ ಬರೆದಿಟ್ಟರು. ನಮ್ಮಲ್ಲಿ ತಾತನ ಹುಟ್ಟಿದ ದಿನ ಕೇಳಿದರೆ 'ಪ್ಲೇಗು ಬಂದ ವರ್ಷ' ಅನ್ನುತ್ತಾರೆ. ಜಗತ್ತಿನದು ಮಾತ್ರ ಹೊತ್ತಿನ ಸಮೇತ ಸಿಕ್ಕಿಬಿಟ್ಟಿದೆ! ಅದೇ ಲೆಕ್ಕದಲ್ಲಿ ನೋಹನ ಕಾಲದ ಪ್ರಳಯ ಕ್ರಿ.ಪೂ. 2348. ಗೀಜಾದ ದೊಡ್ಡ ಪಿರಮಿಡ್ಡು ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ ಎದ್ದು ನಿಂತಿತ್ತು. ಅಂದರೆ ಲೋಕವೆಲ್ಲ ಮುಳುಗಿದರೂ ಈಜಿಪ್ಟಿನವರು ಅದನ್ನು ಗಮನಿಸದೆ ಕೆಲಸ ಮುಂದುವರಿಸಿದ್ದಾರೆ. ಇಂಥ ಗುತ್ತಿಗೆದಾರರು ನಮ್ಮ ಜಿಲ್ಲೆಗೂ ಸಿಗಬೇಕಿತ್ತು.

ಪ್ರಳಯದ ಪಾಠ ನಡೆಯುವಾಗ ಅಜ್ಜಿ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಅವರ ತವರು ಶೆಟ್ಟಿಹಳ್ಳಿ ಕಡೆ. "ಲೋ ಮಗಾ, ನಮ್ಮ ಚರ್ಚಿಗೆ ವರ್ಷಾ ವರ್ಷಾ ಪ್ರಳಯ ಬರ್ತದೆ. ಅದನ್ನ ಹಾಕವ್ರಾ ಪುಸ್ತಕದಲ್ಲಿ?" ಅಂದರು. ಹಾಕಿರಲಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಪ್ರೀವೆಡ್ಡಿಂಗ್ ಫೋಟೊದವರಿಗೆಲ್ಲ ಅದು ಗೊತ್ತು, ಪೆಟ್ಟಿಗೆಗೆ ಗೊತ್ತಿಲ್ಲ. 1620ರಲ್ಲಿ ಮೇಫ್ಲವರ್ ಹಡಗಿನಿಂದ ಯಾರು, ಎಲ್ಲಿ, ಯಾಕೆ ಇಳಿದರು ಅನ್ನುವುದು ಮಾತ್ರ ಹುಡುಗನಿಗೆ ಬಾಯಿಪಾಠ. ನಾನು ಸುಮ್ನೆ "ಹಲ್ಮಿಡಿ ಗೊತ್ತೇನೋ?" ಅಂದೆ. "ಅದು ಯಾವ ಬಂದರು ಅಂಕಲ್?" ಅಂದ.

ತಮಾಷೆ ಏನು ಗೊತ್ತಾ? ಹಾಸನ ಜಿಲ್ಲೆಯ ಶಾಸನಗಳನ್ನು ಒಟ್ಟು ಮಾಡಿ 1902ರಲ್ಲಿ ಸಂಪುಟ ತಂದ ಬಿ.ಎಲ್. ರೈಸ್, ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿಯ ಮಗ. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಕೂಡ ಪಾದ್ರಿ. ಆ ಕಾಲದ ಮಿಷನರಿಗಳು ಮನೆಯಲ್ಲಿದ್ದ ಮಕ್ಕಳನ್ನು ಶಾಲೆಗೆ ಎಳೆತರಲು ಊರೂರು ಅಲೆದರು. ಈಗ ಅದೇ ಧರ್ಮದ ಹೆಸರಲ್ಲಿ ಮಕ್ಕಳು ವಾಪಸ್ ಮನೆಗೆ. ಕ್ರೈಸ್ತರೆಲ್ಲ ಹೀಗೇ ಅಂದುಕೊಂಡೀರಿ ಮತ್ತೆ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಮಾಡಿ ತೋರಿಸಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಪಾದ್ರಿ. ಅವರಿಗೆ ಪೆಟ್ಟಿಗೆಯಲ್ಲಿ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಇನ್ನು ಎಳೆಯರ ಕಲಿಕೆ. ಈ ಚಳವಳಿಯ ಹಿರಿಯರಾದ ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿ 1970ರ ದಶಕದಲ್ಲೇ ಒಂದು ಒಳ್ಳೇ ಮಾತು ಹೇಳಿದ್ದರು. ಅವಸರ ಬೇಡ, ಎಂಟು-ಹತ್ತು ವರ್ಷ ಆಗುವವರೆಗೆ ಮಗುವನ್ನು ಪಾಠಕ್ಕೆ ಕೂರಿಸಬೇಡಿ ಅಂತ. ನಮ್ಮವರು ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತರಿಸಿಕೊಂಡಿದ್ದಾರೆ. ಮೂರು ವರ್ಷದ ತಂಗಿಗೆ ಬೆಳಗ್ಗೆ ಫೋನಿಕ್ಸ್, ಮಧ್ಯಾಹ್ನ ಅಬಾಕಸ್. ಅಣ್ಣನಿಗೆ ಒಂದು ಕಡೆ ಗಣಿತದ ಟ್ಯೂಷನ್, ಇನ್ನೊಂದು ಕಡೆ ಕನ್ನಡದ್ದು. ಮನೆಯಲ್ಲೇ ಕಲಿಯುವ ಈ ಮಕ್ಕಳು ಮನೆಯಲ್ಲಿ ಸಿಗುವುದೇ ಅಪರೂಪ.

ಎದುರುಮನೆಯವರಿಗೆ ಇದೆಲ್ಲ ಭಾರೀ ನಗು. ಅವರ ಮಗು ದೊಡ್ಡ ಶಾಲೆಯಲ್ಲಿದೆ. ಸಂದರ್ಶನ ಮಾಡಿ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಬಾರದು ಅಂತ ಆರ್‌ಟಿಇ ಕಾಯ್ದೆ ಹೇಳುತ್ತದೆ. ಅಲ್ಲಿ ಅಪ್ಪ-ಅಮ್ಮ ಇಬ್ಬರೂ ಇಂಟರ್‌ವ್ಯೂ ಪಾಸಾಗಿ, ಸ್ಟೇಟಸ್ಸಿನಲ್ಲಿ ಫೋಟೊ ಹಾಕಿದ್ದರು. ಇವರ ಇತಿಹಾಸ ವಾಟ್ಸ್ಆ್ಯಪ್‌ನಲ್ಲಿ ಪುಕ್ಕಟೆ ಬರುತ್ತದೆ. ಅದರ ಪ್ರಕಾರ ಬೇಲೂರಿನ ಶಿಲಾಬಾಲಿಕೆ ಹಿಡಿದಿರುವುದು ಕನ್ನಡಿಯಲ್ಲ, ಟ್ಯಾಬು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅಂತಲೂ ಅದೇ ಕಾಯ್ದೆಯಲ್ಲಿದೆ. ಸೇರಿಸದಿದ್ದರೆ ದಂಡ ಮಾತ್ರ ಇಲ್ಲ. ಹದಿನಾಲ್ಕಾದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ಕ್ಲಾಸು ಕಟ್ಟಬಹುದು. ಹುಡುಗನ ಅಪ್ಪ ಈಗಲೇ ಅದರ ಸಿಲಬಸ್ ಡೌನ್‌ಲೋಡ್ ಮಾಡಿಟ್ಟಿದ್ದಾರೆ. "ಭೂಮಿ ವಯಸ್ಸು ಕೇಳಿದ್ರೆ ಏನು ಬರೆಸ್ತೀರಾ ಸಾರ್?" ಅಂದೆ.

"ಪರೀಕ್ಷೆಗೆ 450 ಕೋಟಿ, ಪ್ರಾರ್ಥನೆಗೆ ಆರು ಸಾವಿರ," ಅಂದರು. "ಎರಡಕ್ಕೂ ಬೇರೆ ಬೇರೆ ಟ್ಯೂಷನ್ ಹುಡುಕ್ತಾ ಇದ್ದೀವಿ. ನಿಮಗೆ ಯಾರಾದ್ರೂ ಗೊತ್ತಾ?"