ವೀಣೆ ಉಂಟು, ಬೆರಳಿಲ್ಲ

ಪುಟ್ಟಣ್ಣ ಕಣಗಾಲ್ ಎಂದರೆ ಡಿವಿಡಿ ಮಾರುವವರಿಗೆ ‘ನಾಗರಹಾವು’ ಒಂದೇ. ಹೆಚ್ಚೆಂದರೆ ‘ಗೆಜ್ಜೆಪೂಜೆ’, ‘ಶರಪಂಜರ’. ‘ಫಲಿತಾಂಶ’ ಇದೆಯೇ ಎಂದು ಕೇಳಿ ನೋಡಿ, ಪರೀಕ್ಷೆಯ ಫಲಿತಾಂಶ ಕೇಳಿದವರನ್ನು ನೋಡುವಂತೆ ನೋಡುತ್ತಾರೆ.

ಅಂತೂ ಹುಡುಕಿ ಹುಡುಕಿ ‘ಉಪಾಸನೆ’ಯ ಡಿವಿಡಿ ತಂದೆ. 1974ರ ಚಿತ್ರ. ವೀಣೆಯನ್ನೇ ಬದುಕು ಮಾಡಿಕೊಂಡ ಹೆಣ್ಣಿನ ಕಥೆ. ಆರತಿ ವೀಣೆ ಹಿಡಿದು ಕುಳಿತರೆ ತಂತಿಯ ಮೇಲಿನ ಬೆರಳು ಕಾಣಬೇಡವೇ? ಆ ಕಾಲದ ಚೌಕಟ್ಟು ಹೆಚ್ಚುಕಡಿಮೆ 4:3, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಈಗಿನ ಅಗಲ ಟಿವಿಯನ್ನು ತುಂಬಿಸುವ ಚಪಲಕ್ಕೆ ಪುಣ್ಯಾತ್ಮರು ಮೇಲೆ ಕೆಳಗೆ ಕತ್ತರಿಸಿ, ಹತ್ತಿರ ಹತ್ತಿರ ಕಾಲು ಭಾಗದಷ್ಟು ಚಿತ್ರವನ್ನೇ ಎಸೆದಿದ್ದಾರೆ. ಮೇಲೆ ನೆತ್ತಿ ಇಲ್ಲ, ಕೆಳಗೆ ಬೆರಳಿಲ್ಲ. ಉಳಿದದ್ದರ ಮೂಲೆಯಲ್ಲಿ ಕಂಪನಿಯ ಲಾಂಛನ ಮೊದಲಿನಿಂದ ಕೊನೆಯವರೆಗೂ ಗಿರಗಿರನೆ ತಿರುಗುತ್ತಿರುತ್ತದೆ. ಅದನ್ನು ಮಾತ್ರ ಯಾರೂ ಕತ್ತರಿಸಿಲ್ಲ.

ಹಾಡಿಗೂ ಕತ್ತರಿ ಬಿದ್ದಿದೆ. ಅನುಮಾನವಿದ್ದವರು ಆರಂಭದ ಸೆನ್ಸಾರ್ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿ. ಚಿತ್ರದ ಉದ್ದ ಅಲ್ಲಿ ಮೀಟರ್ ಲೆಕ್ಕದಲ್ಲಿರುತ್ತದೆ. 35 ಎಂಎಂ ರೀಲು ನಿಮಿಷಕ್ಕೆ ಸುಮಾರು 27 ಮೀಟರ್ ಓಡುತ್ತದೆ. ಭಾಗಿಸಿದರೆ ಅವಧಿ ಸಿಗುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಡಿವಿಡಿಯಲ್ಲಿ 25ರಂತೆ ಓಡಿಸುವುದರಿಂದ ಅವಧಿ ಕೆಲವು ನಿಮಿಷ ಕಡಿಮೆಯಾಗುತ್ತದೆ, ಅದನ್ನೂ ಬಿಟ್ಟುಕೊಡೋಣ. ಆಮೇಲೂ ಲೆಕ್ಕಕ್ಕೆ ಸಿಗದ ನಿಮಿಷಗಳು ಎಲ್ಲಿಗೆ ಹೋದವು? ಸಂಗೀತದ ಚಿತ್ರದಲ್ಲಿ ಹಾಡನ್ನು ಕತ್ತರಿಸುವ ಧೈರ್ಯವಾದರೂ ಹೇಗೆ ಬರುತ್ತದೆ!

‘ಕಥಾಸಂಗಮ’ದ ಹೊದಿಕೆಯನ್ನಂತೂ ನೋಡಿಯೇ ಸಿಟ್ಟು ನೆತ್ತಿಗೇರಿತು. ಮೂರು ಕಥೆಗಳ ಚಿತ್ರದಲ್ಲಿ ರಜನೀಕಾಂತ್ ಬರುವುದು ಕೊನೆಯ ಕಥೆಯಲ್ಲಿ ಮಾತ್ರ. ಹೊದಿಕೆಯ ತುಂಬ ಅವರೇ, ಅದೂ ಎಷ್ಟೋ ವರ್ಷಗಳ ನಂತರದ, ಕಪ್ಪು ಕನ್ನಡಕದ ಫೋಟೊ. ನಿರ್ದೇಶಕರ ಹೆಸರು ಹಿಂಬದಿಯಲ್ಲಿ, ಬೆಲೆಯ ಚೀಟಿಯ ಅಡಿಯಲ್ಲಿ. ಆ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿಯನ್ನೇನೋ ಕೊಡುತ್ತದೆ. ಪ್ರಶಸ್ತಿ ಪಡೆದವರ ಮಕ್ಕಳು ಆ ಚಿತ್ರಗಳನ್ನು ನೋಡಬೇಕೆಂದರೆ ಇದೇ ಕತ್ತರಿ ಪ್ರತಿಯೇ ಗತಿ.

ನೆಗೆಟಿವ್ ಹಾಳಾಗಿದೆ, ಹಕ್ಕು ಯಾರದೋ ತಿಳಿಯದು, ಕೊಳ್ಳುವವರಿಲ್ಲ ಎಂದೆಲ್ಲ ಸಬೂಬು ಹೇಳುತ್ತಾರೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು 4ಕೆ ಗುಣಮಟ್ಟದಲ್ಲಿ ಉದ್ಧರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಅದೇನು ನಿನ್ನೆ ಮೊನ್ನೆ ತೆಗೆದ ಚಿತ್ರವೇ? ನಾನು ಅಷ್ಟೆಲ್ಲ ಕೇಳುತ್ತಲೂ ಇಲ್ಲ. ಗೀರು ಇರಲಿ, ಮಸುಕು ಇರಲಿ. ಪೂರ್ತಿ ಚೌಕಟ್ಟು, ಪೂರ್ತಿ ಹಾಡು ಕೊಡಿ. ದುಪ್ಪಟ್ಟು ಬೆಲೆ ತೆರುತ್ತೇನೆ.

ಇದನ್ನೇ ಬರೆದು ಹಣ ಹಿಂದಿರುಗಿಸಿ ಎಂದು ಕಂಪನಿಯನ್ನು ಕೇಳಿದೆ. ಉತ್ತರ ಬಂದಿದೆ: ‘ಡಿಸ್ಕ್ ಓಡುತ್ತಿದೆಯಲ್ಲ, ದೂರೇನು?’